ನಾಳಿನ ಔಷಧಿಯೂ ಇಂದಿನ ಎಚ್ಚರವೂ

ಗ್ಲಾಕೋಮಾ ರೋಗದಲ್ಲಿ ದೃಷ್ಟಿಯು ನಶಿಸದಂತೆ ಕಾಪಾಡಬಲ್ಲ ಹೊಸ ಬಗೆಯ ಔಷಧಿಗಾಗಿ ನಡೆದಿರುವ ಸಂಶೋಧನೆಯು ಆಸ್ಥೆಯಿಂದ ಗಮನಿಸತಕ್ಕುದಾಗಿದೆ. ಭಾರತದಲ್ಲಿ ನಲವತ್ತು ವರ್ಷ ದಾಟಿದವರ ಪೈಕಿ ಒಂದು ಕೋಟಿಗೂ ಮಿಕ್ಕಿದ ಜನರು ಈ ರೋಗಕ್ಕೆ ಈಡಾಗಿರುವರೆಂದು 2010ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಅವರಲ್ಲಿ ಬಹುಮಂದಿಗೆ ತಮಗೆ ರೋಗವಿರುವ ಅರಿವೇ ಇಲ್ಲ.

ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ದ್ರವವು ಸರಿಯಾಗಿ ಹೊರಹರಿಯದಿದ್ದರೆ ಒತ್ತಡವೇರಿ, ನೋಟವನ್ನು ಮೆದುಳಿಗೆ ಒಯ್ಯುವ ದೃಷ್ಟಿನರದ ತಂತುಗಳು ಕ್ರಮೇಣ ಸಾಯುತ್ತವೆ. ಒತ್ತಡ ಸಾಮಾನ್ಯವಾಗಿದ್ದಾಗಲೂ ಕೆಲವರಲ್ಲಿ ಈ ಹಾನಿ ಸಂಭವಿಸುವುದುಂಟು. ಈ ರೋಗದ ಹೆಚ್ಚಿನ ಪ್ರಕರಣಗಳಲ್ಲಿ ನೋವಿಲ್ಲ, ಕೆಂಪೇರುವುದಿಲ್ಲ. ಮೊದಲು ಮಾಸುವುದು ಅಂಚಿನ ನೋಟ. ಎದುರಿನ ಅಕ್ಷರವು ಬಹುಕಾಲ ಸ್ಪಷ್ಟವಾಗಿಯೇ ಕಾಣುತ್ತಿರುವುದರಿಂದ ಲೆಕ್ಕ ಬರೆಯುವ ಗುಮಾಸ್ತನಿಗಾಗಲಿ, ಗಲ್ಲೆಯಲ್ಲಿ ಕುಳಿತವನಿಗಾಗಲಿ ಸಂಶಯವೇ ಹುಟ್ಟದು. ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯಿಂದ ಬೆಳಕು ಮರಳುತ್ತದೆ. ಇಲ್ಲಿಯಾದರೋ ಹೋದ ನೋಟ ಹೋದುದೇ ಸರಿ.

ಇಂದು ಬಳಕೆಯಲ್ಲಿರುವ ಹನಿಗಳು, ಲೇಸರ್ ಹಾಗೂ ಶಸ್ತ್ರಚಿಕಿತ್ಸೆಗಳ ಕೆಲಸ ಒತ್ತಡವನ್ನು ಇಳಿಸುವುದು. ಒತ್ತಡ ಇಳಿದ ಮೇಲೂ ಕೆಲವರ ನೋಟ ಕ್ಷೀಣಿಸುತ್ತ ಹೋಗುವುದರಿಂದ ನರಕೋಶಗಳನ್ನೇ ನೇರವಾಗಿ ರಕ್ಷಿಸುವ ಉಪಾಯವನ್ನು ವಿಜ್ಞಾನಿಗಳು ಅರಸುತ್ತಿದ್ದಾರೆ. ಅಂಥ ಉಪಾಯಗಳಲ್ಲೊಂದು ಪೆಪ್ಟೈಡ್, ಎಂದರೆ ಪ್ರೋಟೀನಿನ ಕಿರುತುಣುಕು. ಕಣ್ಣಿನ ಮಸೂರದಲ್ಲಿರುವ ಆಲ್ಫಾ-ಬಿ ಕ್ರಿಸ್ಟಲಿನ್ ಎಂಬ ಪ್ರೋಟೀನು ಇತರ ಪ್ರೋಟೀನುಗಳು ಕೆಟ್ಟು ಗಂಟುಕಟ್ಟದಂತೆ ತಡೆಯುವ ಗುಣವುಳ್ಳದ್ದು. ಅದರ ಒಂದು ಭಾಗದಿಂದ ರೂಪಿಸಿದ 'ಪೆಪ್ಟೇನ್-1' ಎಂಬುದನ್ನು ಅಮೆರಿಕದ ಕೊಲರಾಡೋ ಮತ್ತು ಉತ್ತರ ಟೆಕ್ಸಾಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಕಣ್ಣಿನ ಒತ್ತಡ ಏರಿಸಿದ ಇಲಿಗಳಿಗೆ ಚುಚ್ಚಿ ನೋಡಿದಾಗ, ನರಕೋಶಗಳ ಸಾವು ತಗ್ಗಿದುದು ಕಂಡುಬಂದಿತು. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ಇದು ಸಂತೋಷದ ಸಂಗತಿ. ಆದರೆ ಇಲಿಯ ಕಣ್ಣಿಗೂ ಮನುಷ್ಯನ ಕಣ್ಣಿಗೂ ನಡುವಣ ದಾರಿ ದೀರ್ಘವಾದುದು. ಮರೆವಿನ ರೋಗಕ್ಕೆ ಕೊಡುವ ಮೆಮಾಂಟಿನ್ ಎಂಬ ಔಷಧಿ ಪ್ರಾಣಿಗಳಲ್ಲಿ ದೃಷ್ಟಿನರವನ್ನು ಕಾಪಾಡಿತೆಂದು ಎರಡು ಸಾವಿರಕ್ಕೂ ಹೆಚ್ಚು ಗ್ಲಾಕೋಮಾ ರೋಗಿಗಳಲ್ಲಿ ನಾಲ್ಕು ವರ್ಷ ಪರೀಕ್ಷಿಸಲಾಯಿತು. ನಿರೀಕ್ಷಿತ ಫಲ ದೊರೆಯಲಿಲ್ಲವೆಂಬ ವರದಿ 2018ರಲ್ಲಿ ಪ್ರಕಟವಾಯಿತು. ಆದುದರಿಂದ ಪೆಪ್ಟೈಡಿನ ಹೆಸರು ಹೇಳಿ ಯಾರಾದರೂ ಹನಿಯನ್ನೋ ಗುಳಿಗೆಯನ್ನೋ ಮಾರಲು ಬಂದರೆ, ಬೆವರು ಸುರಿಸಿ ಗಳಿಸಿದ ಹಣವನ್ನು ಅದಕ್ಕೆ ಸುರಿಯುವುದು ವಿವೇಕವಲ್ಲ.

ನಾಳಿನ ಔಷಧಿಯು ಕಾಪಾಡಬಹುದಾದುದು ಆ ದಿನದವರೆಗೆ ಉಳಿದಿರುವ ನರವನ್ನು ಮಾತ್ರ. ಅದನ್ನು ಉಳಿಸಿಕೊಳ್ಳುವುದು ಇಂದಿನ ಹನಿಯಿಂದಲೇ ಆಗಬೇಕು. ನೋವಿಲ್ಲವೆಂದು ಹನಿ ಬಿಡುವುದನ್ನು ನಿಲ್ಲಿಸುವವರು ತಮ್ಮ ಬೆಳಕನ್ನು ತಾವೇ ಆರಿಸಿಕೊಂಡಂತೆ. ಒಲೆಯ ಹೊಗೆಗೆ ಕಣ್ಣು ಉರಿಯಿತೆಂದು ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಇರುವ ಹನಿಯನ್ನು ತಿಂಗಳುಗಟ್ಟಲೆ ಬಿಡುವುದರಿಂದಲೂ ಒತ್ತಡವೇರಿ ಈ ರೋಗ ಬರಬಹುದು. ತಂದೆ-ತಾಯಿ, ಒಡಹುಟ್ಟಿದವರಲ್ಲಿ ರೋಗವಿದ್ದವರೂ ನಲವತ್ತು ದಾಟಿದವರೂ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮುಂಬಯಿಯ ಜೆ.ಜೆ., ಪುಣೆಯ ಸಸೂನ್, ಚೆನ್ನೈಯ ಎಗ್ಮೋರ್, ಹೈದರಾಬಾದಿನ ಸರೋಜಿನಿ ದೇವಿ, ದಿಲ್ಲಿಯ ಏಮ್ಸ್ ಮುಂತಾದ ಸರಕಾರಿ ಆಸ್ಪತ್ರೆಗಳಲ್ಲಿ ಕಣ್ಣಿನ ಚಿಕಿತ್ಸೆಯ ವಿಭಾಗಗಳಿವೆ.

ನಮ್ಮ ಕನ್ನಡ ಸಂಘಗಳಿಗೂ ಒಂದು ಸೂಚನೆ. ಫಲಕದ ಅಕ್ಷರ ಓದಿಸಿ ಕನ್ನಡಕ ಹಂಚುವ ಶಿಬಿರದಲ್ಲಿ ಈ ರೋಗ ಪತ್ತೆಯಾಗದು. ಕಣ್ಣಿನ ಒತ್ತಡ ಅಳೆದು, ದೃಷ್ಟಿನರವನ್ನು ನೋಡುವ ವ್ಯವಸ್ಥೆಯೂ ಅಲ್ಲಿರಬೇಕು. ಹೋಟೆಲು ಮಾಲೀಕರು ಕೆಲಸಗಾರರಿಗೆ ಇದಕ್ಕಾಗಿ ಅರ್ಧ ದಿನದ ರಜೆಯನ್ನು ಸಂಬಳ ಕಡಿಯದೆ ಕೊಟ್ಟರೆ ಅದು ಔದಾರ್ಯವಲ್ಲ, ಕರ್ತವ್ಯ. ಊರುಬಿಟ್ಟು ಬಂದು ದುಡಿಯುವವನ ಕಣ್ಣು ಹೋದರೆ, ಅವನನ್ನೇ ನಂಬಿ ಊರಿನಲ್ಲಿರುವ ಮನೆಯೂ ಕತ್ತಲಾಗುವುದೆಂಬುದನ್ನು ಯಾರೂ ಮರೆಯಲಾಗದು.