ಮೂರೇ ವರ್ಷ ಎನ್ನುವ ಸುಳ್ಳು

ಬ್ಯಾಂಕಿನವರಿಗೆ ವರ್ಗಾವಣೆ ಎಂದರೆ ಮುಂಗಾರು ಇದ್ದ ಹಾಗೆ. ಬರುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಬಂದ ದಿನ ಯಾರ ಕೈಯಲ್ಲೂ ಕೊಡೆ ಇರುವುದಿಲ್ಲ. ಮೂವತ್ತೇಳು ವರ್ಷದ ನೌಕರಿಯಲ್ಲಿ ನನಗೆ ಹನ್ನೊಂದು ವರ್ಗಾವಣೆಗಳಾದವು. ಅದರಲ್ಲಿ ಎರಡು ರಾಜ್ಯದ ಹೊರಗೆ: 1991ರಲ್ಲಿ ಮುಂಬಯಿ, 2002ರಲ್ಲಿ ಚೆನ್ನೈ. ಎರಡು ಊರಲ್ಲೂ ಹೆಂಡತಿ ಮಕ್ಕಳೊಡನೆ ಬಾಡಿಗೆ ಮನೆ ಮಾಡಿದೆ. ಮೊದಲನೆಯ ಮನೆ ಆರಿಸುವಾಗ ಎಲ್ಲರ ಸಲಹೆ ಕೇಳಿ ಕೆಟ್ಟೆ. ಎರಡನೆಯದಕ್ಕೆ ಯಾರನ್ನೂ ಕೇಳಲಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ಯಾರೆಂದು ಮುಂದೆ ಹೇಳುತ್ತೇನೆ.

ಈಗ ಈ ಹಳೆಯ ಲೆಕ್ಕ ತೆಗೆಯಲು ಕಾರಣ ನನ್ನ ತಂಗಿಯ ಮಗ. ಅವನೂ ಬ್ಯಾಂಕಿನವನೇ. ಕಳೆದ ಮೇ ತಿಂಗಳಲ್ಲಿ ಅವನಿಗೆ ಪುಣೆಗೆ ವರ್ಗವಾಯಿತು. ಹೆಂಡತಿ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ, ಎರಡನೆಯ ತರಗತಿಯ ಮಗಳಿದ್ದಾಳೆ. ಆದೇಶ ಬಂದ ರವಿವಾರ ಹುಬ್ಬಳ್ಳಿಯ ಮನೆಯಲ್ಲಿ ಬಳಗವೆಲ್ಲ ಕೂಡಿತು. ಒಬ್ಬರು, ‘ಮೂರು ವರ್ಷ ಅಂದ್ರ ಏನ್ ಮಹಾ, ಹೆಂಗರ ಕಳೀತಾವ. ಹೆಂಡ್ತಿ ಮಗಳನ್ನ ಇಲ್ಲೇ ಬಿಟ್ಟು ಹೋಗು’ ಎಂದರು. ಇನ್ನೊಬ್ಬರು, ‘ಕರಕೊಂಡು ಹೋಗೋದಾದ್ರ ನಮ್ಮ ಮಂದಿ ಇರೋ ಕಡೆನ ಮನಿ ಹಿಡಿ’ ಎಂದರು. ಮತ್ತೊಬ್ಬರು, ‘ಬಾಡಿಗಿ ಬ್ಯಾಂಕ್ ಕೊಡ್ತದಲ್ಲಾ, ಊರ ಹೊರಗಾದ್ರೂ ಚಿಂತಿಲ್ಲ, ದೊಡ್ಡ ಫ್ಲ್ಯಾಟ್ ನೋಡು’ ಎಂದರು. ಮೂವತ್ತು ವರ್ಷಗಳ ಹಿಂದೆ ನನಗೆ ಹೇಳಿದ ಮೂರು ಮಾತುಗಳೇ ಇವು. ಅಕ್ಷರವೂ ಬದಲಾಗಿಲ್ಲ.

ಇದು ನಮ್ಮೊಂದು ಮನೆಯ ವಿಷಯವಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಬೆಂಗಳೂರು ಮಂಗಳೂರಿನಿಂದ ನಡೆಯುತ್ತಿದ್ದ ಆಡಳಿತ ಈಗ ಮುಂಬಯಿಯಿಂದ ನಡೆಯುತ್ತದೆ. ನಮ್ಮ ನಾಡಿನ ಹುಡುಗ ಹುಡುಗಿಯರು ಹೊರಗೆ ಹೋಗುವುದು ಇನ್ನು ಕಡಿಮೆಯಾಗುವುದಿಲ್ಲ. ಊರಲ್ಲಿ ಕುಳಿತು ಸಲಹೆ ಕೊಡುವವರೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಆ ಸಲಹೆಗಳ ಲೆಕ್ಕಪರಿಶೋಧನೆಯನ್ನು ಯಾರಾದರೂ ಒಮ್ಮೆ ಮಾಡಲೇಬೇಕು.

ಮೊದಲು, ಸಂಸಾರ ಬಿಟ್ಟು ಹೋಗುವ ಮಾತು. 1991ರ ಜೂನ್‌ನಿಂದ ಒಂದು ವರ್ಷ ನಾನು ಹಾಗೆಯೇ ಇದ್ದೆ. ಸಯನ್‌ನಲ್ಲಿ ನಾಲ್ಕು ಮಂದಿ ಅಧಿಕಾರಿಗಳು ಒಂದು ಫ್ಲ್ಯಾಟಿನಲ್ಲಿ. ಅನ್ನ ಮಾಡುವುದಕ್ಕೆ ಸರದಿ, ಪಾತ್ರೆ ತೊಳೆಯುವುದಕ್ಕೆ ಜಗಳ. ಎರಡು ತಿಂಗಳಿಗೊಮ್ಮೆ ರಜೆ ಹೊಂದಿಸಿಕೊಂಡು ಹುಬ್ಬಳ್ಳಿಗೆ ಓಡುತ್ತಿದ್ದೆ. ದೀಪಾವಳಿಗೆ ಹೋದಾಗ ಮೂರು ವರ್ಷದ ಮಗಳು ಬಾಗಿಲು ತೆಗೆದು, ಒಳಗೆ ತಿರುಗಿ, ‘ಅವ್ವಾ, ಯಾರೋ ಮಾಮಾ ಬಂದಾರ’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

‘ಮಕ್ಕಳ ಓದು ಹಾಳಾಗುತ್ತದೆ, ಮುಂದೆ ಇಲ್ಲಿ ಸೀಟು ಸಿಗುವುದಿಲ್ಲ’ ಎಂದು ಹೆದರಿಸುವವರಿದ್ದಾರೆ. ನಿಯಮ ಓದಿ ಹೆದರಿಸಬೇಕು ಸ್ವಾಮಿ. ಸಿಇಟಿಯಲ್ಲಿ ರಾಜ್ಯದ ವಿದ್ಯಾರ್ಥಿ ಎನಿಸಿಕೊಳ್ಳಲು ಹಲವು ಕಲಮುಗಳಿವೆ. ಸಾಮಾನ್ಯ ಕಲಮಿನಂತೆ ಒಂದರಿಂದ ಹನ್ನೆರಡರವರೆಗಿನ ಓದಿನಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಇಲ್ಲವೆ ದ್ವಿತೀಯ ಪಿಯುಸಿಯನ್ನು ಇಲ್ಲಿ ಪಾಸು ಮಾಡಿರಬೇಕು. ಹನ್ನೆರಡರಲ್ಲಿ ಮೂರು ಕಳೆದರೆ ಒಂಬತ್ತು ಉಳಿಯುತ್ತದೆ. ಒಂಬತ್ತು ಏಳಕ್ಕಿಂತ ದೊಡ್ಡದು. ಇದಕ್ಕೆ ಎಂಕಾಂ ಬೇಕಾಗಿಲ್ಲ. ಕನ್ನಡ ಓದುಬರಹ ತಪ್ಪದಂತೆ ನೋಡಿಕೊಳ್ಳಬೇಕು, ಅದು ನಿಜ. 2015ರ ಕಾಯ್ದೆಯ ಮೇಲೆ ಇಲ್ಲಿನ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕಾಗಿದೆ, ಮರಳಿ ಬಂದ ಮಗು ಆ ತರಗತಿಯಲ್ಲಿ ತಬ್ಬಿಬ್ಬಾಗಬಾರದು. ಆದರೆ ಅದು ದಿನಕ್ಕೆ ಅರ್ಧ ಗಂಟೆ ತಾಯಿ ತಂದೆ ಕೂತು ಮಾಡಿಸುವ ಕೆಲಸ. ಅದಕ್ಕೂ ತಂದೆ ಮನೆಯಲ್ಲಿರಬೇಕಲ್ಲ!

ಇನ್ನು ನಮ್ಮ ಮಂದಿ ಇರುವ ಕಡೆ ದೊಡ್ಡ ಮನೆ ಹಿಡಿಯುವ ಮಾತು. 1992ರಲ್ಲಿ ಸಂಸಾರ ಕರೆದುಕೊಂಡು ಹೋಗಲು ನಿಶ್ಚಯಿಸಿದಾಗ ನನ್ನ ಮುಂದೆ ಎರಡು ಮನೆಗಳಿದ್ದವು. ಒಂದು ಚೆಂಬೂರಿನಲ್ಲಿ: ಒಂದು ಕೋಣೆ, ಒಂದು ಅಡಿಗೆಮನೆ, ಹಿಂದಿನ ಬೀದಿಯಲ್ಲಿ ಶಾಲೆ, ಎದುರಿಗೆ ತರಕಾರಿ ಅಂಗಡಿ, ಕೆಳಗೆ ಡಾಕ್ಟರ ದವಾಖಾನೆ. ಇನ್ನೊಂದು ಡೊಂಬಿವಲಿ ಪೂರ್ವದಲ್ಲಿ: ಎರಡು ಬೆಡ್‌ರೂಮು, ಹಾಲು, ಬಾಲ್ಕನಿ. ಬ್ಯಾಂಕು ಕೊಡುವ ಬಾಡಿಗೆಯ ಮಿತಿಯಲ್ಲಿ ಎರಡೂ ಬರುತ್ತಿದ್ದವು. ಡೊಂಬಿವಲಿಯಲ್ಲಿ ಕನ್ನಡದವರು ಬಹಳ. ನಮ್ಮ ಶಾಖೆಯ ಇಬ್ಬರು ಅಲ್ಲಿದ್ದರು. ‘ಆಫೀಸರ್ ಆಗಿ ಒಂದು ಕೋಣೆ ಮನಿಯಾಗ ಇರ್ತೀರೇನ್ರೀ?’ ಎಂದು ಅವರಲ್ಲೊಬ್ಬರು ಕೇಳಿದರು. ಆ ಮಾತು ನಾಟಿತು. ನಾನೊಬ್ಬನೇ ಒಂದು ರವಿವಾರ ಹೋಗಿ ನೋಡಿ, ಮುಂಗಡ ಕೊಟ್ಟು ಬಂದೆ. ಹುಬ್ಬಳ್ಳಿಗೆ ಪತ್ರ ಬರೆದೆ: ‘ಮನೆ ಬಹಳ ಚೆನ್ನಾಗಿದೆ.’

ಚೆನ್ನಾಗಿತ್ತು, ಮಲಗುವುದಕ್ಕೆ. ಡೊಂಬಿವಲಿಯಿಂದ ಆಗಿನ ವಿ.ಟಿ. ನಿಲ್ದಾಣಕ್ಕೆ ಸುಮಾರು 48 ಕಿಲೋಮೀಟರ್. ಮನೆಯಿಂದ ಸ್ಟೇಷನ್ನಿಗೆ ನಡೆದು, ಲೋಕಲ್ ಹಿಡಿದು, ಇಳಿದು ಫೋರ್ಟಿನ ಶಾಖೆ ತಲಪಲು ಎರಡು ಗಂಟೆ. ಬೆಳಿಗ್ಗೆ ಏಳೂವರೆಗೆ ಹೊರಟರೆ ರಾತ್ರಿ ಒಂಬತ್ತರ ಹೊತ್ತಿಗೆ ಮನೆ. ಮಕ್ಕಳು ಮಲಗಿರುತ್ತಿದ್ದವು. ನನ್ನ ಹೆಂಡತಿಗೆ ಐದು ಗಂಟೆಗೆ ನೀರು; ಮುಕ್ಕಾಲು ಗಂಟೆಯಲ್ಲಿ ತುಂಬಿಕೊಳ್ಳಬೇಕು. ತರಕಾರಿಗೆ ಸ್ಟೇಷನ್ ಹತ್ತಿರ ಹೋಗಬೇಕು, ನಾಲ್ಕು ವರ್ಷದವಳನ್ನು ಕಂಕುಳಲ್ಲಿ ಎತ್ತಿಕೊಂಡು. ನಮ್ಮ ಕನ್ನಡದ ಬಳಗ ಇದ್ದದ್ದು ಸ್ಟೇಷನ್ನಿನ ಆಚೆ ಬದಿಗೆ. ಗಣಪತಿ ಹಬ್ಬಕ್ಕೆ, ಅರಿಶಿನ ಕುಂಕುಮಕ್ಕೆ ಅವರೂ ನಾವೂ ಕೂಡುತ್ತಿದ್ದೆವು, ಹೋಳಿಗೆ ತಿನ್ನುತ್ತಿದ್ದೆವು. ಅದು ಸುಳ್ಳಲ್ಲ.

ಆದರೆ 1993ರ ಜುಲೈಯ ಒಂದು ಮಂಗಳವಾರ ಮಧ್ಯಾಹ್ನ ಅವಳಿಗೆ ಹೊಟ್ಟೆನೋವು ಎದ್ದಿತು. ಮನೆಯಲ್ಲಿ ಫೋನಿಲ್ಲ, ಅರ್ಜಿ ಹಾಕಿ ಕಾಯುತ್ತಿದ್ದೆವು. ಎದುರು ಬಾಗಿಲಿನ ಮರಾಠಿ ಹೆಂಗಸು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು, ಮಗನನ್ನು ಶಾಲೆಯಿಂದ ಕರೆತಂದರು, ಮಗಳಿಗೆ ಊಟ ಮಾಡಿಸಿದರು, ಎಸ್.ಟಿ.ಡಿ. ಬೂತಿನಿಂದ ನನ್ನ ಶಾಖೆಗೆ ಫೋನ್ ಮಾಡಿಸಿದರು. ಅಪೆಂಡಿಕ್ಸ್. ತಡ ಮಾಡುವಂತಿರಲಿಲ್ಲ. ಹೊರಗೆ ಧೋ ಎಂದು ಮಳೆ. ಕುರ್ಲಾದ ಹತ್ತಿರ ಹಳಿಗಳ ಮೇಲೆ ನೀರು ನಿಂತು ಗಾಡಿಗಳು ನಿಂತಿದ್ದವು. ನಾನು ಆಸ್ಪತ್ರೆ ತಲಪಿದಾಗ ರಾತ್ರಿ ಹನ್ನೊಂದು. ಶಸ್ತ್ರಕ್ರಿಯೆ ಮುಗಿದು ಐದು ಗಂಟೆಯಾಗಿತ್ತು. ಒಪ್ಪಿಗೆಯ ಕಾಗದ ನೋಡಿದೆ. ಕೆಳಗೆ ಮರಾಠಿಯಲ್ಲಿ ಸಹಿ. ರೋಗಿಗೂ ನಿಮಗೂ ಏನು ಸಂಬಂಧ ಎಂಬಲ್ಲಿ ಆ ತಾಯಿ ‘ಬಹೀಣ್’ ಎಂದು ಬರೆದಿದ್ದರು. ಅಕ್ಕತಂಗಿ.

ನೌಕರಿಯುದ್ದಕ್ಕೂ ಬೇರೆಯವರ ಸಹಿ ತಾಳೆ ನೋಡಿದವನು ನಾನು. ಅಲ್ಲಿ ನನ್ನ ಸಹಿ ಇರಬೇಕಾಗಿತ್ತು.

ಆಗ ನನಗೆ ತಿಳಿದದ್ದು ಇಷ್ಟು. ನಮ್ಮ ಮಂದಿ ರವಿವಾರಕ್ಕೆ ಬೇಕು. ಮಂಗಳವಾರ ಮಧ್ಯಾಹ್ನಕ್ಕೆ ಬೇಕಾದವರು ನೆರೆಯವರು, ಅವರ ಭಾಷೆ ಯಾವುದೇ ಇರಲಿ. ಸಂಘಸಂಸ್ಥೆಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಪುಣೆಯ ಕನ್ನಡ ಸಂಘ ಕಾವೇರಿ ಹೆಸರಿನಲ್ಲಿ ಶಾಲೆ ಕಾಲೇಜು ನಡೆಸುತ್ತಿದೆ. ಅಂಥ ಕಡೆ ಹೋಗಿ, ನಾಟಕ ನೋಡಿ, ಮಕ್ಕಳಿಗೆ ಕನ್ನಡ ಕೇಳಿಸಿ. ಆದರೆ ಸಂಘಕ್ಕೆ ಬಸ್ಸಿನಲ್ಲಿ ಹೋಗಬಹುದು. ಡಾಕ್ಟರ ಹತ್ತಿರ, ಶಾಲೆಗೆ, ಸಂತೆಗೆ ನಡೆದು ಹೋಗುವಂತಿರಬೇಕು. ಇದನ್ನು ತಿರುಗುಮುರುಗು ಮಾಡಿಕೊಂಡವರು ನಾವು.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬೈಯಲಿಲ್ಲ. ಒಂದೇ ಮಾತು ಹೇಳಿದಳು: ‘ಈ ಮನಿ ನೋಡ್ಲಿಕ್ಕೆ ನೀವೊಬ್ಬರ ಹೋಗಿದ್ರಿ. ಇರೋವ್ರು ನಾವು.’

ಬ್ಯಾಂಕಿನವನಲ್ಲವೆ, ಅಂದು ರಾತ್ರಿ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಚೆಂಬೂರಿನಿಂದಾಗಿದ್ದರೆ ಒಂದು ಬದಿಗೆ ಒಂದು ಗಂಟೆ. ಡೊಂಬಿವಲಿಗೆ ದಿನಕ್ಕೆ ಎರಡು ಗಂಟೆ ಹೆಚ್ಚು. ತಿಂಗಳಿಗೆ 25 ದಿನದಂತೆ 50 ಗಂಟೆ, ವರ್ಷಕ್ಕೆ 600, ಮೂರು ವರ್ಷಕ್ಕೆ 1800. ಅಂದರೆ 75 ಹಗಲು, 75 ರಾತ್ರಿ. ರಜೆಗಳನ್ನು ಕಳೆದರೂ ಎರಡು ತಿಂಗಳು ಮೀರುತ್ತದೆ. ಅವು ಬರೀ ಗಂಟೆಗಳಲ್ಲ. ನನ್ನ ಮಕ್ಕಳು ಎಚ್ಚರವಿದ್ದ ಗಂಟೆಗಳು. ಒಂದು ಹೆಚ್ಚಿನ ಕೋಣೆಗೆ, ಒಂದು ಬಾಲ್ಕನಿಗೆ ನಾನು ಕೊಟ್ಟ ಬಾಡಿಗೆ ಅದು. ಬ್ಯಾಂಕು ಅದನ್ನು ಕೊಡುವುದಿಲ್ಲ.

‘ಮೂರೇ ವರ್ಷ, ಹೆಂಗರ ಕಳೀತಾವ’ ಎನ್ನುವುದು ಯಾರ ಗಡಿಯಾರದ ಮಾತು? ನನಗೆ ಮೂವತ್ತೆರಡು ವಯಸ್ಸಾಗಿತ್ತು. ನನ್ನ ಆಯುಷ್ಯದಲ್ಲಿ ಮೂರು ವರ್ಷ ಸಣ್ಣ ತುಂಡು. ಆರು ವರ್ಷದ ಮಗನಿಗೆ ಅದು ಬದುಕಿದ್ದರಲ್ಲಿ ಅರ್ಧ. ನಾಲ್ಕು ವರ್ಷದವಳಿಗೆ ಹೆಚ್ಚುಕಡಿಮೆ ಇಡೀ ಬದುಕು. ನಮಗೆ ತಾತ್ಕಾಲಿಕ ಎನಿಸುವ ಮನೆಯೇ ಮಗುವಿಗೆ ಬಾಲ್ಯ. ಹಾಗಾಗಿಯೇ ಅದನ್ನು ಸುಳ್ಳು ಎಂದೆ.

2002ರಲ್ಲಿ ಚೆನ್ನೈಗೆ ವರ್ಗವಾದಾಗ ಕೇಳಿದ್ದು ಹೆಂಡತಿಯನ್ನು ಮಾತ್ರ. ಇಬ್ಬರೂ ಹತ್ತು ದಿನ ಬ್ಯಾಂಕಿನ ಅತಿಥಿಗೃಹದಲ್ಲಿ ಇದ್ದೆವು. ಮನೆಗಳನ್ನು ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ನೋಡಿದೆವು. ಅವಳು ದಲಾಲಿಯನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳುತ್ತಿದ್ದಳು: ನೀರು ಯಾವಾಗ, ಡಾಕ್ಟರು ಎಲ್ಲಿ, ಶಾಲೆಗೆ ಎಷ್ಟು ಹೆಜ್ಜೆ. ಕಡೆಗೆ ವೆಸ್ಟ್ ಮಾಂಬಲಂನಲ್ಲಿ ಒಂದು ಹಳೆಯ ಮನೆಯ ಕೆಳ ಅಂತಸ್ತು, ಎರಡು ಕೋಣೆ. ಮಾಲೀಕರು ಹತ್ತು ತಿಂಗಳ ಮುಂಗಡ ಕೇಳಿದರು. ಅಲ್ಲಿನ ರೂಢಿ, ಕೊಟ್ಟೆವು. ಮೇಜು ಕುರ್ಚಿ ಇಡಲು ಜಾಗವಿರಲಿಲ್ಲ. ಅಂಗಳದಲ್ಲಿ ಕೈಪಂಪು ಇತ್ತು. 2003–04ರಲ್ಲಿ ಚೆನ್ನೈ ನೀರಿಲ್ಲದೆ ಬಾಯಿಬಿಟ್ಟಾಗ ಆ ಪಂಪು, ಬೀದಿಗೆ ಬರುವ ನೀರಿನ ಲಾರಿ, ಇವೇ ಗತಿ. ಬಣ್ಣಬಣ್ಣದ ಕೊಡಗಳ ಸಾಲಿನಲ್ಲಿ ನಿಂತೇ ನನ್ನ ಹೆಂಡತಿ ತಮಿಳು ಕಲಿತಳು. ನಾನು ಏಳಕ್ಕೆ ಮನೆಯಲ್ಲಿರುತ್ತಿದ್ದೆ. ಎಂಟನೆಯ ತರಗತಿಯ ಮಗಳಿಗೆ ಲೆಕ್ಕ ಹೇಳಿಕೊಟ್ಟೆ. ಮಗ ಡೊಂಬಿವಲಿಯಲ್ಲಿ ಮೂರನೆಯವರೆಗೆ, ಹುಬ್ಬಳ್ಳಿಯಲ್ಲಿ ನಾಲ್ಕರಿಂದ ಹತ್ತರವರೆಗೆ ಓದಿ ಬಂದಿದ್ದ. ಇಂದಿನ ನಿಯಮದಲ್ಲಿ ಎಣಿಸಿದರೂ ಸರಿಯಾಗಿ ಏಳು ವರ್ಷ.

ಕಚೇರಿ ಹತ್ತಿರವಾದರೆ ಸಾಕೆಂದೂ ನಾನು ಹೇಳುತ್ತಿಲ್ಲ. ಗಂಡನಿಗೆ ಹತ್ತಿರ, ಉಳಿದವರಿಗೆಲ್ಲ ದೂರ ಇರುವ ಮನೆಯೂ ಅಷ್ಟೇ ಕೆಟ್ಟದ್ದು. ಹಗಲೆಲ್ಲ ಆ ಮನೆಯಲ್ಲಿ ಇರುವವರು ಯಾರು, ಅವರಿಂದ ಲೆಕ್ಕ ಶುರುವಾಗಬೇಕು. ಮಗುವಿನ ಶಾಲೆ ಕಾಲ್ನಡಿಗೆಗೆ ಸಿಗಬೇಕು. ದುಡಿಯಲು ಹೊರಗೆ ಹೋಗುವವರ ಪ್ರಯಾಣ ಒಂದು ಗಂಟೆ ಮೀರಬಾರದು. ಇಷ್ಟನ್ನೂ ಹೊಂದಿಸಲು ಏನನ್ನಾದರೂ ಬಿಡಲೇಬೇಕಾದರೆ ಕೋಣೆಗಳನ್ನು ಬಿಡಿ. ಪ್ರತಿಷ್ಠೆಯನ್ನು ಬಿಡಿ. ಮೂರು ವರ್ಷದ ಬಾಡಿಗೆ ಮನೆಯ ಅಳತೆ ನೋಡಿ ಯಾರೂ ಬಡ್ತಿ ಕೊಡುವುದಿಲ್ಲ.

ತಂಗಿಯ ಮಗನಿಗೆ ಇದನ್ನೇ ಹೇಳಿದೆ. ಗಂಡ ಹೆಂಡತಿ ಇಬ್ಬರೂ ಪುಣೆಗೆ ಹೋಗಿ ಹನ್ನೆರಡು ದಿನ ಇದ್ದು ನೋಡಿದರು. ಊರ ಹೊರಗೆ ಈಜುಕೊಳ, ಜಿಮ್ ಇರುವ ಮೂರು ಬೆಡ್‌ರೂಮಿನ ಫ್ಲ್ಯಾಟು ಸಿಗುತ್ತಿತ್ತು. ಅವಳು ಅದನ್ನು ಬಿಟ್ಟು ಕೋಥ್ರೂಡಿನಲ್ಲಿ ಲಿಫ್ಟಿಲ್ಲದ ಹಳೆಯ ಕಟ್ಟಡದ ಎರಡನೆಯ ಮಹಡಿ ಆರಿಸಿದಳು. ಶಾಲೆ ಎಂಟು ನಿಮಿಷದ ನಡಿಗೆ. ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂಡಲು ಅವಳಿಗೊಂದು ಸಣ್ಣ ಕೋಣೆ.

ತಂಗಿಗೆ ಸಿಟ್ಟು. ಫೋನ್ ಮಾಡಿ, ‘ಅಣ್ಣಾ, ನೀನ ಹೇಳಿಕೊಟ್ಟಿ ಅಂತಲ್ಲ. ಅಷ್ಟು ಸಣ್ಣ ಮನಿ! ನಾವು ಹೋದ್ರ ಎಲ್ಲಿ ಮಲಗೋದು?’ ಎಂದಳು.

‘ನೀವು ಎಂಟು ದಿನ ಇರೋವ್ರು ತಂಗಿ, ಹಾಲ್‌ನ್ಯಾಗ ಹಾಸಿ ಕೊಡ್ತಾರ’ ಎಂದೆ. ‘ಅವರು ಸಾವಿರದ ತೊಂಬತ್ತೈದು ದಿನ ಇರೋವ್ರು.’