ಕಿರಿಯರು ‘ಬೇಡ’ ಎಂದಾಗ

ಅಪ್ಪ ದುಬೈಯಲ್ಲಿ ಎ.ಸಿ. ಮೆಕ್ಯಾನಿಕ್. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ನಾನು ಪಿಯುಸಿಯಲ್ಲಿದ್ದಾಗ ಜೂನ್ ತಿಂಗಳ ಒಂದು ಬೆಳಗ್ಗೆ ಅಮ್ಮ, ತಂಗಿ ಮತ್ತು ನಾನು ಮಂಗಳೂರು ವಿಮಾನ ನಿಲ್ದಾಣದ ಹೊರಗೆ ಅವರಿಗಾಗಿ ಕಾಯುತ್ತಿದ್ದೆವು. ಧೋ ಎಂದು ಮಳೆ. ಮೋಡದೊಳಗೆ ವಿಮಾನದ ಸದ್ದು ಹತ್ತಿರ ಬಂತು, ಮತ್ತೆ ದೂರವಾಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಬಂದು ಹೋಯಿತು. ಕೊನೆಗೆ ವಿಮಾನ ಬೆಂಗಳೂರಿಗೆ ಹೋಗಿದೆ ಎಂದು ಗೊತ್ತಾಯಿತು. “ಇಷ್ಟು ದೂರ ಬಂದು ಇಳಿಸಲಿಕ್ಕೆ ಆಗುವುದಿಲ್ಲವಾ ಅವನಿಗೆ?” ಎಂದು ಅಮ್ಮ ಸಿಟ್ಟಾದರು. ಸುತ್ತ ನಿಂತಿದ್ದವರೆಲ್ಲ ಹೌದೆಂದರು. ನಾನೂ ಹೌದೆಂದೆ.

ಆ ಮಾತು ಎಷ್ಟು ತಪ್ಪು ಎಂಬುದು ಸಿವಿಲ್ ಎಂಜಿನಿಯರಿಂಗ್‌ಗೆ ಸೇರಿ, ನಮ್ಮದೇ ವಿಮಾನ ನಿಲ್ದಾಣದ ಚರಿತ್ರೆ ಓದಿದ ಮೇಲೆ ತಿಳಿಯಿತು.

ನಾವು ಈಗಲೂ ‘ಬಜ್ಪೆ’ ಎಂದೇ ಕರೆಯುವ ಈ ನಿಲ್ದಾಣಕ್ಕೆ ಮೊದಲ ವಿಮಾನ ಬಂದದ್ದು 1951ರ ಡಿಸೆಂಬರ್ 25ರಂದು. ಡಕೋಟಾ ವಿಮಾನದಲ್ಲಿ ಬಂದಿಳಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಕರಾವಳಿಯಲ್ಲಿ ಗುಡ್ಡ ಹೆಚ್ಚು, ಬಯಲು ಕಡಿಮೆ. ಹಾಗಾಗಿ ಗುಡ್ಡದ ನೆತ್ತಿಯನ್ನೇ ಸಮತಟ್ಟು ಮಾಡಿ ರನ್‌ವೇ ಕಟ್ಟಿದರು. ಇದನ್ನೇ ‘ಟೇಬಲ್‌ಟಾಪ್’ ಎನ್ನುವುದು. ರನ್‌ವೇ ಮುಗಿದ ಮೇಲೆ ಸ್ವಲ್ಪ ಜಾಗ, ಆಮೇಲೆ ಕಣಿವೆ. ಹಳೆಯ ರನ್‌ವೇ ಉದ್ದ 1,615 ಮೀಟರ್ ಮಾತ್ರ. 1981ರ ಆಗಸ್ಟ್‌ನಲ್ಲಿ ಒಂದು ಆವ್ರೋ ವಿಮಾನ ಒದ್ದೆ ರನ್‌ವೇ ದಾಟಿ ಅಂಚಿನಾಚೆ ಹೋಗಿ ನಿಂತಿತ್ತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. 2006ರಲ್ಲಿ 2,450 ಮೀಟರ್ ಉದ್ದದ ಎರಡನೇ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ದುಬೈ ವಿಮಾನವೂ ಶುರುವಾಯಿತು. ನಮ್ಮಂಥ ಸಾವಿರಾರು ಮನೆಗಳಿಗೆ ಗಲ್ಫ್ ಹತ್ತಿರವಾಯಿತು.

2010ರ ಮೇ 22ರ ಬೆಳಗ್ಗೆ ನಡೆದದ್ದು ಎಲ್ಲರಿಗೂ ಗೊತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ ಬದುಕಿದವರು 8. ನನಗಾಗ ಐದು ವರ್ಷ. ಟಿ.ವಿ. ಮುಂದೆ ಅಜ್ಜಿ ಅಳುತ್ತಿದ್ದದ್ದು ಮಾತ್ರ ನೆನಪಿದೆ.

ನಮ್ಮ ಕಡೆ ಈ ದುರಂತದ ಮಾತು ಬಂದಾಗಲೆಲ್ಲ ಚರ್ಚೆ ರನ್‌ವೇ ಉದ್ದಕ್ಕೆ ಬಂದು ನಿಲ್ಲುತ್ತದೆ. ರನ್‌ವೇ ಇನ್ನಷ್ಟು ಉದ್ದವಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಬೇರೆಯದೇ ಕಥೆ ಹೇಳುತ್ತದೆ. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂತು. ಅದರ ಚಕ್ರಗಳು ಸರಿಯಾಗಿ ನೆಲಕ್ಕೂರುವಾಗ ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ, ಅಂದರೆ 1,600 ಮೀಟರಿನಷ್ಟು ಕಳೆದುಹೋಗಿತ್ತು. ಹಳೆಯ ರನ್‌ವೇಯ ಪೂರ್ತಿ ಉದ್ದದಷ್ಟು ಜಾಗ ಗಾಳಿಯಲ್ಲೇ ಹೋಯಿತು ಎಂದಾಯಿತು.

ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಭಾಗ ಇದಲ್ಲ. ಕ್ಯಾಪ್ಟನ್‌ಗೆ 10,000 ಗಂಟೆಗೂ ಹೆಚ್ಚು ಹಾರಾಟದ ಅನುಭವವಿತ್ತು. ಆದರೆ ಅಂದು ಅವರು ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಆ ಮಂಪರು ಅವರ ನಿರ್ಧಾರವನ್ನು ಕೆಡಿಸಿರಬಹುದು ಎನ್ನುತ್ತದೆ ವರದಿ. ಪಕ್ಕದಲ್ಲಿದ್ದ ಸಹ ಪೈಲಟ್ ಅನುಭವದಲ್ಲಿ ಕಿರಿಯರು. ಆದರೂ ಮಂಗಳೂರಿಗೆ ಕ್ಯಾಪ್ಟನ್‌ಗಿಂತ ಎಷ್ಟೋ ಹೆಚ್ಚು ಸಲ ಬಂದಿದ್ದವರು, ಈ ಗುಡ್ಡವನ್ನು ಬಲ್ಲವರು. ಅವರು ಮೂರು ಸಲ ‘ಗೋ ಅರೌಂಡ್’ ಎಂದರು. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತು ಹಾಕಿ ಬರೋಣ ಎಂದು ಅದರ ಅರ್ಥ. ವಿಮಾನದ ಎಚ್ಚರಿಕೆ ಯಂತ್ರವೂ ಕೂಗುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು.

ಹಾಗಾದರೆ ಸಹ ಪೈಲಟ್ ತಾನೇ ಹಿಡಿತ ತೆಗೆದುಕೊಂಡು ವಿಮಾನವನ್ನು ಮೇಲೇರಿಸಬಹುದಿತ್ತಲ್ಲ? ವರದಿ ಇದಕ್ಕೂ ಕಾರಣ ಹುಡುಕಿದೆ. ಹಾಗೆ ಮಾಡಲು ಸಹ ಪೈಲಟ್‌ಗೆ ಅಧಿಕಾರ ಕೊಡುವ ಸೂಚನೆಗಳಲ್ಲೇ ಸ್ಪಷ್ಟತೆ ಇರಲಿಲ್ಲ. ಬಹುಶಃ ಅದಕ್ಕೇ ಅವರು ಮತ್ತೆ ಮತ್ತೆ ಹೇಳಿದರೇ ಹೊರತು ಹಿಡಿತ ತೆಗೆದುಕೊಳ್ಳಲಿಲ್ಲ.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನ ಟೇಬಲ್‌ಟಾಪ್ ನಿಲ್ದಾಣದಲ್ಲಿ ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಬಿತ್ತು. ಅಲ್ಲಿಯೂ ಸಹ ಪೈಲಟ್ ‘ಗೋ ಅರೌಂಡ್’ ಎಂದಿದ್ದರು ಎಂದು ತನಿಖೆ ಹೇಳಿತು. ಅಲ್ಲಿಯೂ ವಿಮಾನ ಇಳಿಯಿತು.

ಇದು ಪೈಲಟ್‌ಗಳ ವಿಷಯ, ನಮಗೇನು ಎಂದು ಕೇಳಬೇಡಿ. ಕಳೆದ ರಜೆಯಲ್ಲಿ ನಾನು ಒಂದು ಕಟ್ಟಡದ ಸೈಟ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟ್ ಬೇಗ ಹರಿಯಲಿ ಎಂದು ಮಿಕ್ಸರ್‌ಗೆ ಪೈಪಿನಿಂದ ನೀರು ಬಿಡುತ್ತಲೇ ಇದ್ದರು. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂಬುದು ನಮ್ಮ ಪಠ್ಯದ ಮೊದಲ ಪಾಠಗಳಲ್ಲೊಂದು. ಮೆಲ್ಲಗೆ ಕೇಳಿದೆ: “ಸರ್, ನೀರು ಸ್ವಲ್ಪ ಜಾಸ್ತಿ ಆಯಿತಾ?” ಸೂಪರ್‌ವೈಸರ್ ನಕ್ಕು, “ಪುಸ್ತಕ ಬೇರೆ, ಸೈಟ್ ಬೇರೆ ಮಾರಾಯ” ಎಂದರು. ನಾನು ಸುಮ್ಮನಾದೆ. ನನ್ನ ಸರ್ಟಿಫಿಕೇಟ್‌ಗೆ ಸಹಿ ಹಾಕಬೇಕಾದವರು ಅವರೇ. ಬಜ್ಪೆಯ ಆ ಸಹ ಪೈಲಟ್ ಮೂರು ಸಲವಾದರೂ ಹೇಳಿದರು. ನಾನು ಒಂದೇ ಸಲ, ಅದೂ ಪ್ರಶ್ನೆಯ ರೂಪದಲ್ಲಿ. ಆ ಮನೆಯ ಮುಂದೆ ಬಸ್ಸಿನಲ್ಲಿ ಹೋಗುವಾಗ ಈಗಲೂ ಕಣ್ಣು ಮೇಲಕ್ಕೆ ಹೋಗುತ್ತದೆ.

ಒಂದನೇ ತರಗತಿಯಿಂದ ನಾವು ಕಲಿತದ್ದು ‘ಯೆಸ್ ಸರ್’. ವೈವಾದಲ್ಲಿ ಎದುರು ಮಾತನಾಡಿದರೆ ಅಂಕ ಹೋಗುತ್ತದೆಂಬ ಭಯ. ಕ್ಯಾಂಪಸ್ ಸಂದರ್ಶನಕ್ಕೆ ತಯಾರಿ ಕೊಡುವವರು ನಗುಮುಖ, ಟೈ, ಇಂಗ್ಲಿಷ್ ಕಲಿಸುತ್ತಾರೆ. ಹಿರಿಯರು ತಪ್ಪುವಾಗ ಹೇಗೆ ಹೇಳಬೇಕೆಂದು ಯಾರೂ ಕಲಿಸುವುದಿಲ್ಲ. ವಿಮಾನಯಾನ ಇದನ್ನು ಬಹಳ ಹಿಂದೆಯೇ ಒಂದು ವಿದ್ಯೆಯೆಂದು ಒಪ್ಪಿಕೊಂಡಿದೆ. 1977ರಲ್ಲಿ ಟೆನೆರೀಫ್‌ನಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಮಂದಿ ಸತ್ತಾಗಲೂ ಕಾಕ್‌ಪಿಟ್‌ನ ಕಿರಿಯರೊಬ್ಬರು ಸಂಶಯ ಎತ್ತಿದ್ದರು, ಹಿರಿಯರು ತಳ್ಳಿಹಾಕಿದ್ದರು. ಅಂಥ ಅಪಘಾತಗಳ ಬಳಿಕ ಕಿರಿಯರು ಸ್ಪಷ್ಟವಾಗಿ ಹೇಳುವುದಕ್ಕೂ ಹಿರಿಯರು ಕೇಳಿಸಿಕೊಳ್ಳುವುದಕ್ಕೂ ತರಬೇತಿ ಕೊಡುವ ಪದ್ಧತಿ ಬೆಳೆಯಿತು. ಅಷ್ಟಿದ್ದೂ ಬಜ್ಪೆಯಲ್ಲಿ ಅದು ಸೋತಿತು. ತರಬೇತಿಯೇ ಇಲ್ಲದ ನಮ್ಮ ಸೈಟ್, ಕಾರ್ಖಾನೆ, ಆಫೀಸುಗಳ ಪಾಡೇನು?

‘ಧೈರ್ಯವಾಗಿ ಮಾತನಾಡಿ’ ಎಂದು ಉಪದೇಶ ಕೊಡುವುದು ಸುಲಭ. ಕೆಲಸಕ್ಕಾಗಿ ವರ್ಷಗಟ್ಟಲೆ ಅಲೆದವನು ಮೊದಲ ತಿಂಗಳಲ್ಲೇ ಬಾಸ್‌ಗೆ ‘ಬೇಡ’ ಎನ್ನುವುದು ಹೇಗೆ? ಬಜ್ಪೆಯ ವರದಿ ಹೇಳುವುದೂ ಇದನ್ನೇ: ಹೇಳುವವನಿಗೆ ಧೈರ್ಯವಿದ್ದರೆ ಸಾಲದು, ಅಧಿಕಾರ ನಿಯಮದಲ್ಲೇ ಬರೆದಿರಬೇಕು. ತಪ್ಪು ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು, ನಿಲ್ಲಿಸಿದವರಿಗೆ ಶಿಕ್ಷೆಯಿಲ್ಲ ಎಂಬ ಫಲಕ ಪ್ರತಿ ಸೈಟ್‌ನಲ್ಲೂ ಇರಲಿ. ನಮ್ಮ ಇಂಟರ್ನ್‌ಶಿಪ್ ಡೈರಿಯಲ್ಲಿ ‘ಕಲಿತದ್ದು’ ಎಂಬ ಕಾಲಂ ಪಕ್ಕದಲ್ಲಿ ‘ಕಂಡ ತಪ್ಪು’ ಎಂಬ ಕಾಲಮ್ಮೂ ಇರಲಿ, ಅದನ್ನು ಕಾಲೇಜು ಓದಲಿ. ಸಂದರ್ಶನ ಮಾಡುವವರು ‘ಹಿರಿಯರಿಗೆ ಯಾವಾಗ ಬೇಡ ಎಂದಿರಿ?’ ಎಂದು ಒಮ್ಮೆಯಾದರೂ ಕೇಳಲಿ. ಮುಂದೆ ನಾವೇ ಹಿರಿಯರಾಗುತ್ತೇವೆ. ಆಗ ಹೊಸ ಹುಡುಗಿಯೊಬ್ಬಳು ‘ಸರ್, ನಿಲ್ಲಿಸಿ’ ಎಂದರೆ ಮೊದಲು ನಿಲ್ಲಿಸಿ, ಆಮೇಲೆ ಕಾರಣ ಕೇಳುವ ಬುದ್ಧಿ ನಮಗಿರಲಿ.

ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಆ ದುರಂತದ ಸ್ಮಾರಕವಿದೆ. ಪ್ರತಿ ಮೇ 22ರಂದು ಅಲ್ಲಿ ಹೂವಿಡುತ್ತಾರೆ. ಆ ಹೂವಿನ ಜೊತೆಗೆ ಇಷ್ಟನ್ನಾದರೂ ಮಾಡಿದರೆ ಅದು ಸತ್ತವರಿಗೆ ಸಲ್ಲುವ ಗೌರವ.

ಅಂದು ಬೆಂಗಳೂರಿಗೆ ಹೋದ ವಿಮಾನ ಮಳೆ ಬಿಟ್ಟ ಮೇಲೆ ಮಧ್ಯಾಹ್ನ ವಾಪಸ್ ಬಂತು. ಅಪ್ಪ ಟ್ರಾಲಿ ತಳ್ಳಿಕೊಂಡು ಹೊರಬಂದರು. ನಾವು ಬೈದದ್ದನ್ನು ಕೇಳಿ, “ಲೇಟಾದರೆ ಏನಾಯಿತು, ಬಂದೆನಲ್ಲ” ಎಂದರು. ಆ ಕಾಕ್‌ಪಿಟ್‌ನಲ್ಲಿ ‘ಬೇಡ’ ಎಂದವರು ಯಾರು, ಕೇಳಿಸಿಕೊಂಡವರು ಯಾರು ಎಂಬುದು ನನಗೆ ಗೊತ್ತಿಲ್ಲ. ಇಬ್ಬರಿಗೂ ನಮ್ಮ ಮನೆಯ ಋಣ ಇದೆ.