ಓದುವಾಗ ಹಾಡು ಬೇಕೇ?

ಪರೀಕ್ಷೆ ಸಮೀಪಿಸಿತೆಂದರೆ ತಲೆನೋವು, ಹೊಟ್ಟೆನೋವು, ನಿದ್ರಾಹೀನತೆ ಎಂದು ನನ್ನ ಬಳಿಗೆ ಬರುವ ವಿದ್ಯಾರ್ಥಿಗಳು ಹೆಚ್ಚುತ್ತಾರೆ. ಜೊತೆಯಲ್ಲಿ ಬರುವ ತಾಯಂದಿರ ದೂರು ಒಂದೇ: "ಡಾಕ್ಟ್ರೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಓದ್ತಾನೆ, ತಲೆಗೆ ಹತ್ತುತ್ತಾ?" ಮಗನ ಉತ್ತರವೂ ಸಿದ್ಧ: "ಸಂಗೀತ ಕೇಳಿದ್ರೆ ಬುದ್ಧಿ ಚುರುಕಾಗುತ್ತಂತೆ!"

ಈ 'ಅಂತೆ'ಯ ಮೂಲ 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ. 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್‌ನ ಸಂಗೀತ ಕೇಳಿದ ನಂತರ, ಆಕಾರಗಳನ್ನು ಮನಸ್ಸಿನಲ್ಲೇ ಊಹಿಸುವ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ಆ ಲಾಭ ಉಳಿದದ್ದು ಕಾಲು ಗಂಟೆಯಷ್ಟೇ. ಅದು ಬುದ್ಧಿ ಬೆಳೆದದ್ದಲ್ಲ, ಮನಸ್ಸು ಉಲ್ಲಾಸಗೊಂಡದ್ದರ ಫಲವೆಂದು ನಂತರದ ಅಧ್ಯಯನಗಳು ಸೂಚಿಸಿದವು.

ಓದುವಾಗ ಸಾಹಿತ್ಯವಿರುವ ಹಾಡು ಕೇಳಿದರೆ ಪುಸ್ತಕದ ಮಾತು, ಹಾಡಿನ ಮಾತು ಎರಡೂ ಮಿದುಳಿನಲ್ಲಿ ಪೈಪೋಟಿಗಿಳಿಯುತ್ತವೆ. ನೆನಪಿನಲ್ಲಿ ಉಳಿಯಬೇಕಾದದ್ದು ಜಾರಿಹೋಗುತ್ತದೆ. ಆದ್ದರಿಂದ ಕಂಠಪಾಠಕ್ಕೆ ಮೌನವೇ ಮೇಲು.

ಹಾಗೆಂದು ಸಂಗೀತವನ್ನು ಮನೆಯಿಂದ ಹೊರದಬ್ಬಬೇಡಿ. ಶಸ್ತ್ರಚಿಕಿತ್ಸೆಗೆ ಮುನ್ನ ಸಂಗೀತ ಕೇಳಿದ ರೋಗಿಗಳ ಆತಂಕ ತಗ್ಗುವುದು ಕಂಡುಬಂದಿದೆ. ಒಂದು ಗಂಟೆ ಓದಿದ ಮೇಲೆ ಹತ್ತು ನಿಮಿಷ ಕೊಳಲೋ ವೀಣೆಯೋ ಇಷ್ಟವಾದ ಸಿನಿಮಾ ಹಾಡೋ ಕೇಳಲಿ. ಧ್ವನಿ ಮಾತ್ರ ಮಿತವಾಗಿರಲಿ. 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೆ ಹಾಡು ನಿದ್ದೆಗೆ ಬದಲಿಯಲ್ಲ. ಮಗು ವಾರಗಟ್ಟಲೆ ನಿದ್ದೆಗೆಟ್ಟು, ಊಟ ಬಿಟ್ಟು, ಮಂಕಾಗಿ ಕುಳಿತರೆ ಇಯರ್‌ಫೋನ್ ಕಿತ್ತುಕೊಳ್ಳುವುದರಿಂದ ಪ್ರಯೋಜನವಿಲ್ಲ. ಪಕ್ಕದಲ್ಲಿ ಕುಳಿತು ಮಾತನಾಡಿಸಿ, ವೈದ್ಯರಿಗೆ ತೋರಿಸಿ. ಅಂಕಕ್ಕಿಂತ ಮಗು ದೊಡ್ಡದು.